ವೈಹಾಳಿ: ಕನ್ನಡನಾಡಿನ ಅಶ್ವಶಿಕ್ಷೆಯ ವಿಚಾರ

ನಮ್ಮ ಅಜ್ಜಂಪುರ ಸೀಮೆಯ ಬುಕ್ಕಾಂಬುಧಿಯ ಹೆಸರಿನಲ್ಲಿ ಒಂದು ಸಮುದ್ರವಡಗಿದೆ. ಬುಕ್ಕನ ಅಂಬುಧಿಯೇ ಬುಕ್ಕಾಂಬುಧಿ; ಅಂಬುಧಿಯೆಂದರೆ ಕಡಲು. ಏರಿ ಕಟ್ಟಿ ನೀರು ನಿಲ್ಲಿಸಿದ ಹಿರಿಯ ಕೆರೆಗೆ ಸಾಗರವೆಂದೂ ಸಮುದ್ರವೆಂದೂ ಅಂಬುಧಿಯೆಂದೂ ಹೆಸರಿಡುವುದು ಬಯಲುಸೀಮೆಯ ಹಳೆಯ ವಾಡಿಕೆ. ಕಡಲನ್ನು ಕಾಣದ ಜನರು ಕಡಲಿನ ಹೆಸರನ್ನಾದರೂ ಊರಿಗೆ ತಂದುಕೊಂಡರು. ಬುಕ್ಕನೆಂಬ ಹೆಸರನ್ನು ಕೇಳಿದೊಡನೆ ವಿಜಯನಗರದ ಸಂಗಮವಂಶವು ನೆನಪಿಗೆ ಬರುವುದು ಸಹಜವೇ. ಆ ಅರಸುತನವು ಎರಡು ಆಧಾರಗಳ ಮೇಲೆ ನಿಂತಿದ್ದಿತೆಂದು ಹೇಳಬಹುದು: ಒಂದು ಒಳನಾಡಿನ ಕೆರೆ, ಮತ್ತೊಂದು ಕಡಲಾಚೆಯ ಕುದುರೆ. ಕೆರೆಯು ಅನ್ನವನ್ನು ಕೊಟ್ಟಿತು. ಕುದುರೆಯು ಆ ಅನ್ನವನ್ನು ಕಾಯಿತು.

ಕೆರೆಗಳ ವಿಚಾರವಾಗಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಕುದುರೆಗಳ ವಿಚಾರವಾಗಿ ಬರೆದಿಲ್ಲವೆಂದೇನೂ ಅಲ್ಲ. ಆದರೆ ಎಷ್ಟು ಕುದುರೆ ಬಂದವು, ಯಾವ ರೇವಿನಲ್ಲಿ ಇಳಿದವು, ಏನು ಬೆಲೆ ಬಿದ್ದಿತು ಎಂಬಷ್ಟಕ್ಕೆ ಆ ಬರಹಗಳು ನಿಂತುಬಿಡುವುವು. ಹಡಗಿನಿಂದಿಳಿದ ಹಟಮಾರಿ ಪ್ರಾಣಿಯೊಂದರ ಬೆನ್ನ ಮೇಲೆ ಕೂರುವುದನ್ನು ನಮ್ಮ ನಾಡಿನವನೊಬ್ಬನು ಹೇಗೆ ಕಲಿತನು? ಅವನಿಗೆ ಕಲಿಸಿದವರು ಯಾರು? ಕುದುರೆಯು ಮೊಂಡುಬಿದ್ದಾಗ ಅವನು ಏನು ಮಾಡಿದನು? ರಾಜ್ಯಗಳು ನಿಂತುದೂ ಬಿದ್ದುದೂ ಈ ವಿದ್ಯೆಯ ಮೇಲೆಯೇ ಆದರೂ, ಕಲಿಸಿದವರ ಮಾತನ್ನು ಚರಿತ್ರೆಕಾರರು ಎತ್ತುವುದೇ ಇಲ್ಲ. ಈ ಲೇಖನದಲ್ಲಿ ಆ ಮಾತನ್ನೇ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಆ ಪ್ರಾಣಿಯ ಸ್ಥಿತಿಯನ್ನು ನೋಡೋಣ. ಪೋರ್ಚುಗೀಸರ ನೂನಿಜನು ೧೫೩೫ರ ಸುಮಾರಿನಲ್ಲಿ ಬರೆದಿಟ್ಟ ವೃತ್ತಾಂತದಲ್ಲಿ, ವಿಜಯನಗರದ ಅರಸನು ಹೋರ್ಮುಜಿನ ಕುದುರೆ ಮತ್ತು ನಾಡಕುದುರೆಗಳೆಲ್ಲ ಸೇರಿ ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ, ಅವುಗಳಲ್ಲಿ ಉತ್ತಮವಾದುವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದುವನ್ನು ದಂಡನಾಯಕರಿಗೆ ಹಂಚುತ್ತಿದ್ದನೆಂದೂ ಇದೆ. ಅದಕ್ಕೂ ಮೊದಲು ಸಾಳ್ವ ನರಸಿಂಹನ ಕಾಲದಲ್ಲಿ ಮೂರು ಕುದುರೆಗೆ ಸಾವಿರ ಪರ್ದಾವುಗಳಂತೆ ಬೆಲೆ ಕೊಡುತ್ತಿದ್ದರಂತೆ. ಕಡಲಿನಲ್ಲಿಯೇ ಸತ್ತುಹೋದ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೂ ವರ್ತಕನಿಗೆ ಅದರ ಪೂರ್ತಿ ಹಣ ಸಲ್ಲುತ್ತಿದ್ದಿತಂತೆ! ವಾಚಕರು ಈ ಬಾಲದ ಕಥೆಯನ್ನು ಓದಿ ನಗಬಹುದು. ನನಗಾದರೋ ಬಾಲವಾಗದೆ ಬದುಕಿ ಬಂದ ಕುದುರೆಗಳ ಮೇಲೆಯೇ ಮನಸ್ಸು ಹರಿಯುತ್ತದೆ. ವಾರಗಟ್ಟಲೆ ತೂಗಾಡುವ ಹಡಗಿನಲ್ಲಿ ನಿಂತು, ಪಕ್ಕದ ಜೊತೆಗಾರನು ಸತ್ತು ಬೀಳುವುದನ್ನು ಕಂಡು, ಭಟ್ಕಳದಂಥ ರೇವಿನಲ್ಲಿ ಇಳಿದು, ಗುರುತಿಲ್ಲದ ಹುಲ್ಲನ್ನು ತಿಂದು, ಮಳೆಗಾಡಿನ ಘಟ್ಟವನ್ನು ಹತ್ತಿ ಬಂದ ಮೂಕಪ್ರಾಣಿಗೆ ಮೊಂಡತನವಲ್ಲದೆ ಮತ್ತೇನು ಬಂದೀತು? ಅದು ಅದುವರೆಗೆ ಕೇಳಿದ್ದುದು ಪಾರಸೀಕರ ಅಥವಾ ಅರಬರ ಮಾತು. ಇಲ್ಲಿ ‘ಬಾ’ ಎಂದರೆ ಅದಕ್ಕೆ ಬರುವ ಗೋಜಿಲ್ಲ, ‘ನಿಲ್ಲು’ ಎಂದರೆ ನಿಲ್ಲುವ ಗೋಜಿಲ್ಲ.

ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳುನಾಡಿನ ಕರಾವಳಿಯನ್ನು ಕಂಡ ಮಾರ್ಕೊ ಪೋಲೋ ಎಂಬವನು, ಅಲ್ಲಿ ಅಪಾರ ಹಣ ತೆತ್ತು ತರಿಸಿದ ಕುದುರೆಗಳು ಸರಿಯಾದ ಆರೈಕೆಯಿಲ್ಲದೆ ವರ್ಷದೊಳಗೆ ಬಹುಪಾಲು ಸಾಯುತ್ತಿದ್ದುವೆಂದೂ, ಅವುಗಳಿಗೆ ಬೇಯಿಸಿದ ಅನ್ನಮಾಂಸಗಳನ್ನು ತಿನ್ನಿಸುತ್ತಿದ್ದರೆಂದೂ ಬರೆದಿದ್ದಾನೆ. ಪರದೇಶಿಯು ಹೇಳಿದುದೆಲ್ಲ ನಿಜವೆಂದು ನಾವು ಒಪ್ಪಬೇಕಾಗಿಲ್ಲ. ಆದರೂ ಕುದುರೆಯನ್ನು ಕೊಂಡ ಮಾತ್ರಕ್ಕೆ ಕುದುರೆಯ ದಂಡು ಆಗದೆಂಬುದು ಆ ಬರಹದಿಂದ ಸ್ಪಷ್ಟವಾಗುವುದು. ಹಣವು ಪ್ರಾಣಿಯನ್ನು ತರಬಹುದು. ಅದರ ವಿದ್ಯೆ ಬೇರೆ ದಾರಿಯಿಂದ ಬರಬೇಕು.

ಆ ದಾರಿ ಯಾವುದೆಂಬುದಕ್ಕೆ ನಮ್ಮ ನುಡಿಯೇ ಸಾಕ್ಷಿ. ರಾವುತನೆಂಬ ಮಾತು ಸಂಸ್ಕೃತದ ರಾಜಪುತ್ರಶಬ್ದವು ಪ್ರಾಕೃತದಲ್ಲಿ ಸವೆದು ಬಂದುದು. ಹಲ್ಲಣವು ಪರ್ಯಾಣದಿಂದ, ವಾಘೆಯು ವಲ್ಗೆಯಿಂದ ಬಂದುವು. ಶಾಸನಗಳಲ್ಲಿ ಲಾಯದ ಅಧಿಕಾರಿಯನ್ನು ಸಾಹಣಿಯೆಂದು ಕರೆಯುವರು. ಅದು ಸಾಧನಿಕಶಬ್ದದ ತದ್ಭವ. ಕಡಿವಾಣ, ಕಾಲಿಡುವ ಅಂಕವಣೆ ಇವು ದೇಶ್ಯಗಳು. ಇವುಗಳ ಮೇಲೆ ಎರಡನೆಯ ಪದರವಾಗಿ ಜೀನು, ಲಗಾಮು, ಚಾಬೂಕು, ಸವಾರ ಎಂಬ ಪಾರಸೀ ಮಾತುಗಳೂ ರಿಕಾಪು ಎಂಬ ಅರಬ್ಬೀ ಮಾತೂ ಬಂದು ಕುಳಿತುವು. ಒಂದೇ ಕುದುರೆಯ ಮೈಮೇಲೆ ಇಷ್ಟು ನಾಡುಗಳ ಮಾತು ಸೇರಿರುವಾಗ, ಅದನ್ನು ಏರಲು ಕಲಿಸಿದ ಗುರುಗಳೂ ಅಷ್ಟು ನಾಡುಗಳವರೇ ಆಗಿದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು. ಇಮ್ಮಡಿ ದೇವರಾಯನು (೧೪೨೪-೧೪೪೬) ಬಹಮನಿ ಸುಲ್ತಾನರ ಕೈಯಲ್ಲಿ ಸೋಲುಂಡ ಬಳಿಕ ಮಂತ್ರಾಲೋಚನೆ ನಡೆಸಿ, ಶತ್ರುಗಳ ಕುದುರೆಗಳೂ ಬಿಲ್ಲಾಳುಗಳೂ ಮೇಲೆಂಬುದನ್ನು ತಿಳಿದು, ತುರುಕ ರಾವುತರನ್ನು ತನ್ನ ಸೇವೆಗೆ ಸೇರಿಸಿಕೊಂಡನೆಂದು ಫೆರಿಷ್ತನು ಬರೆದಿರುವುದು ಈ ಊಹೆಗೆ ಬೆಂಬಲವಾಗಿದೆ. ಅವರು ಕಾದಾಡಲು ಬಂದಂತೆಯೇ ಕಲಿಸಲೂ ಬಂದರು.

ಕುದುರೆಯ ನಡೆಗಳ ವಿಷಯದಲ್ಲಿಯೂ ಹೀಗೆಯೇ. ಪಾಠಶಾಲೆಯಲ್ಲಿ ಅಮರಕೋಶದ ಕ್ಷತ್ರಿಯವರ್ಗವನ್ನು ಒಪ್ಪಿಸುವಾಗ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತವೆಂಬ ಪಂಚಧಾರೆಗಳನ್ನು ನಾವು ಉಸಿರುಬಿಡದೆ ಹೇಳುತ್ತಿದ್ದೆವು. ನಮ್ಮಲ್ಲಿ ಯಾರೂ ಕುದುರೆಯನ್ನೇರಿದವರಲ್ಲ. ಸಂತೆಯ ತಟ್ಟುವನ್ನು ಬಿಟ್ಟರೆ ಕುದುರೆಯನ್ನು ಕಂಡವರೂ ವಿರಳ. ಟೀಕಾಕಾರರಾದರೂ ಒಂದೊಂದು ನಡೆಗೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುವುದನ್ನು ನೋಡಿದರೆ, ಅವರೂ ನಮ್ಮಂತೆಯೇ ನೆಲದ ಮೇಲೆ ಕುಳಿತು ಬರೆದವರೆಂದು ತೋರುತ್ತದೆ. ಆದರೆ ಲಾಯದಲ್ಲಿ ಬದುಕಿದ ಜನರ ಬಾಯಲ್ಲಿ ಕುಕ್ಕುಲೋಟ, ನಾಗಾಲೋಟಗಳೆಂಬ ಮಾತುಗಳು ಚೆನ್ನಾಗಿ ಬೇರೂರಿದುವು. ಕುಕ್ಕುಲೋಟವೆಂದರೆ ಸವಾರನನ್ನು ಹೆಜ್ಜೆಹೆಜ್ಜೆಗೂ ಎತ್ತಿ ಕುಕ್ಕುವ ಓಟ. ಅದನ್ನು ಅನುಭವಿಸಿದ ಬೆನ್ನು ಸೊಂಟಗಳೇ ಆ ಹೆಸರನ್ನಿಟ್ಟುವು. ನಾಲ್ಕು ಕಾಲನ್ನೂ ಕಿತ್ತು ಓಡುವ ನಾಲ್ಗಾಲೋಟವೇ ನಾಗಾಲೋಟ. ಕೋಶದಲ್ಲಿ ನನಗೆ ಮೆಚ್ಚಾದುದು ಮತ್ತೊಂದು ಮಾತು. ಚೆನ್ನಾಗಿ ಶಿಕ್ಷಿತವಾದ ಕುದುರೆಗೆ ಅಮರಸಿಂಹನು ‘ವಿನೀತ’ವೆಂದು ಹೆಸರು ಕೊಟ್ಟಿದ್ದಾನೆ. ಗುರುಕುಲದಲ್ಲಿ ಕಲಿತ ಶಿಷ್ಯನಿಗೂ ಅದೇ ಮಾತು.

ಇನ್ನು ಶಾಸ್ತ್ರಗ್ರಂಥಗಳ ವಿಚಾರ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು ೧೯೦೯ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಪ್ರಕರಣವೊಂದುಂಟು. ಕುದುರೆಗಳನ್ನು ತೀಕ್ಷ್ಣ, ಭದ್ರ, ಮಂದವೆಂದು ಸ್ವಭಾವದಿಂದ ವಿಂಗಡಿಸಿ, ಆ ಸ್ವಭಾವಕ್ಕೆ ಅನುಗುಣವಾಗಿ ಯುದ್ಧಕ್ಕೋ ಸವಾರಿಗೋ ತೊಡಗಿಸಬೇಕೆಂದು ಅಲ್ಲಿ ಹೇಳಿದೆ. ತೀಕ್ಷ್ಣವಾದುದನ್ನು ದುಷ್ಟವೆಂದು ಕರೆಯುವ ಆತುರ ಕೌಟಿಲ್ಯನಿಗಿಲ್ಲವೆಂಬುದನ್ನು ಗಮನಿಸಬೇಕು. ಆ ಪ್ರಕರಣದಲ್ಲಿ ಯೋಗ್ಯಾಚಾರ್ಯರೆಂಬವರೂ ಕಾಣಬರುವರು. ಯೋಗ್ಯೆಯೆಂದರೆ ಅಭ್ಯಾಸ, ಅಭ್ಯಾಸ ಮಾಡಿಸುವವನು ಯೋಗ್ಯಾಚಾರ್ಯ. ಕುದುರೆಯನ್ನು ಕಟ್ಟುವ ಹಗ್ಗ ಮೊದಲಾದ ಉಪಕರಣಗಳು ಹೇಗಿರಬೇಕೆಂಬುದನ್ನು ಅವರೇ ಹೇಳಬೇಕು. ನಮ್ಮ ದೇಶದಲ್ಲಿ ಕುದುರೆ ಪಳಗಿಸುವವನಿಗೆ ಆಚಾರ್ಯನೆಂಬ ಹೆಸರು ಒಂದು ಕಾಲಕ್ಕೆ ಇದ್ದಿತೆಂಬುದಕ್ಕೆ ಇದು ಪ್ರಮಾಣ. ಭಾರತದ ವಿರಾಟಪರ್ವದಲ್ಲಿ ನಕುಲನು ಗ್ರಂಥಿಕನೆಂಬ ಹೆಸರಿನಿಂದ ವಿರಾಟನ ಲಾಯಕ್ಕೆ ಸೇರುವಾಗ, ಕುದುರೆಗಳ ಸ್ವಭಾವ, ಶಿಕ್ಷೆ, ಚಿಕಿತ್ಸೆ, ದುಷ್ಟವಾದುವನ್ನು ಸರಿಪಡಿಸುವ ಬಗೆ ಇವೆಲ್ಲ ತನಗೆ ತಿಳಿದಿವೆಯೆಂದು ಹೇಳಿಕೊಳ್ಳುವನು. ಅರಸುಮಗನೊಬ್ಬನು ಅಜ್ಞಾತವಾಸದಲ್ಲಿ ಆಳಾಗಿ ಬದುಕಲು ಈ ವಿದ್ಯೆಯು ಸಾಕಾಗಿದ್ದಿತು.

ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮುಮ್ಮಡಿ ಸೋಮೇಶ್ವರನ ಮಾನಸೋಲ್ಲಾಸಕ್ಕೆ ಮೊದಲ ಸ್ಥಾನ ಸಲ್ಲತಕ್ಕದ್ದು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿತವಾದ ಈ ಸಂಸ್ಕೃತಗ್ರಂಥದಲ್ಲಿ ಇಪ್ಪತ್ತಿಪ್ಪತ್ತರಂತೆ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳಿವೆ. ಅದರಲ್ಲಿ ಆನೆಯ ವಾಹ್ಯಾಲಿಗೊಂದು, ಕುದುರೆಯ ವಾಹ್ಯಾಲಿಗೊಂದು ಅಧ್ಯಾಯ ಮೀಸಲು. ವಾಹ್ಯಾಲಿಯೆಂದರೆ ಪ್ರಾಣಿಯನ್ನು ಏರಿ ಅಭ್ಯಾಸಮಾಡುವ ಸಮತಲವಾದ ಬಯಲು. ಕನ್ನಡದಲ್ಲಿ ಅದೇ ವೈಹಾಳಿ, ವಯ್ಯಾಳಿಯಾಗಿ, ಬಯಲಿನ ಹೆಸರು ಬಯಲಿನಲ್ಲಿ ನಡೆಯುವ ಸವಾರಿಗೂ ಬಂದಿತು. ಇಂದಿಗೂ ಶ್ರೀರಂಗದಂಥ ವೈಷ್ಣವಕ್ಷೇತ್ರಗಳಲ್ಲಿ ಕುದುರೆವಾಹನದ ದಿನ ಶ್ರೀಪಾದದವರು ದೇವರನ್ನು ಹೊತ್ತು ಮುಂದೆ ಓಡಿ, ತಟ್ಟನೆ ಹಿಂದೆ ಸರಿದು, ಮತ್ತೆ ಮುಂದೆ ನುಗ್ಗುವ ಸೇವೆಗೆ ವಯ್ಯಾಳಿಯೆಂದೇ ಹೆಸರು. ಭಕ್ತಿಯಿಂದ ನೋಡುವವರಿಗೆ ಅದು ಸ್ವಾಮಿಯ ಲೀಲೆ. ಕುದುರೆಯ ಚಟುವಟಿಕೆಯನ್ನು ಬಲ್ಲವನಿಗೆ ಅದರಲ್ಲಿ ಮುನ್ನಡೆ, ತಡೆ, ಹಿನ್ನಡೆ ಎಂಬ ಮೊದಲ ಪಾಠವೂ ಕಾಣಿಸದಿರದು. ಸೋಮೇಶ್ವರನು ಕುದುರೆಗಳನ್ನು ಅವುಗಳ ನಾಡಿನ ಮೇಲಿಂದ ವಿಂಗಡಿಸಿ, ಅವುಗಳ ಗತಿಗಳನ್ನು ಹೇಳಿ, ಕೊನೆಗೆ ಸವಾರರು ಎರಡು ಪಕ್ಷವಾಗಿ ಕೋಲಿನಿಂದ ಚೆಂಡನ್ನು ಹೊಡೆದು ತೋರಣವನ್ನು ದಾಟಿಸುವ ಆಟವನ್ನು ವರ್ಣಿಸಿದ್ದಾನೆ. ಇಂದಿನವರು ಪೋಲೋ ಎನ್ನುವುದು ಅದನ್ನೇ.

ಕನ್ನಡದಲ್ಲಿಯೂ ಗ್ರಂಥಗಳಿಲ್ಲದಿಲ್ಲ. ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಮೈಸೂರಿನ ಚಾಮರಾಜ ಒಡೆಯರ (೧೬೧೭-೧೬೩೭) ಕಾಲದಲ್ಲಿ ಪದ್ಮಣ ಪಂಡಿತನ ಹಯಸಾರಸಮುಚ್ಚಯವು ಹುಟ್ಟಿತು. ಈ ಜಾತಿಯ ಗ್ರಂಥಗಳಲ್ಲಿ ಸಾಮಾನ್ಯವಾಗಿ ಲಕ್ಷಣವೂ ಚಿಕಿತ್ಸೆಯೂ ಬಹಳ. ಏರುವ ವಿದ್ಯೆ ಸ್ವಲ್ಪ. ಅದರಲ್ಲಿಯೂ ಆವರ್ತಲಕ್ಷಣ, ಎಂದರೆ ಸುಳಿಯ ಫಲಾಫಲಗಳು, ಹಾಳೆಹಾಳೆಗಳನ್ನು ನುಂಗಿಬಿಡುತ್ತವೆ. ಹಣೆಯ ಸುಳಿ ಹೀಗಿದ್ದರೆ ಒಡೆಯನಿಗೆ ಲಾಭ, ಬೆನ್ನಿನ ಸುಳಿ ಹಾಗಿದ್ದರೆ ಹಾನಿ, ಇತ್ಯಾದಿ. ಎತ್ತು ಕೊಳ್ಳುವಾಗ ಸುಳಿ ನೋಡುವ ಪದ್ಧತಿ ನಮ್ಮ ಕಡೆ ಇನ್ನೂ ಹೋಗಿಲ್ಲವಾದುದರಿಂದ ನಾನು ಇದನ್ನು ಹಾಸ್ಯಮಾಡಲು ಹೋಗುವುದಿಲ್ಲ. ಆದರೆ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಕುದುರೆಯು ಹಟ ಹಿಡಿದಾಗ ಸುಳಿಯನ್ನು ದೂರಿದವನಿಗೆ ತನ್ನ ಕೈಯನ್ನು ನೋಡಿಕೊಳ್ಳುವ ಕಷ್ಟ ತಪ್ಪುತ್ತದೆ. ಅವನು ಆ ಪ್ರಾಣಿಯನ್ನು ಕಡಿಮೆ ಬೆಲೆಗೆ ಮತ್ತೊಬ್ಬನಿಗೆ ಮಾರುತ್ತಾನೆ. ಹೊಸದನ್ನು ಕೊಂಡು ಅದನ್ನೂ ಕೆಡಿಸುತ್ತಾನೆ. ಲಕ್ಷಣಶಾಸ್ತ್ರವು ಈ ಬಗೆಯಲ್ಲಿ ಅನೇಕ ಕೆಟ್ಟ ಸವಾರರಿಗೆ ಆಶ್ರಯವನ್ನು ಕೊಟ್ಟಿತೆಂದು ನನ್ನ ಅಭಿಪ್ರಾಯ.

ಇದಕ್ಕೆ ವಿರುದ್ಧವಾದ, ನನ್ನ ದೃಷ್ಟಿಯಲ್ಲಿ ಬೆಲೆಕಟ್ಟಲಾಗದ, ಒಂದು ವಚನವು ಶುಕ್ರನೀತಿಸಾರದಲ್ಲಿದೆ. ಆ ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ವಿವಾದವುಂಟು. ವಚನದ ಸತ್ಯದ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ. ಹೊಡೆಯಬಾರದ ಎಡೆಯಲ್ಲಿ ಹೊಡೆತ ತಿಂದ ಕುದುರೆಗೆ ನಾನಾ ದೋಷಗಳು ಹತ್ತುವುವೆಂದೂ, ಹಾಗೆ ಹತ್ತಿದ ದೋಷಗಳು ಅದು ಬದುಕಿರುವವರೆಗೂ ಬಿಡವೆಂದೂ ಅದರ ತಾತ್ಪರ್ಯ. ಇದರಿಂದ ಏನಾಯಿತು? ಕುದುರೆಯ ಮೊಂಡತನವು ಹುಟ್ಟುಗುಣವಲ್ಲ. ಹಿಂದೆ ಅದನ್ನು ಏರಿದ ಯಾವನೋ ಒಬ್ಬನ ತಪ್ಪು ಅದರ ನೆನಪಿನಲ್ಲಿ ಉಳಿದುಕೊಂಡಿದೆ ಎಂದಾಯಿತು. ಕಠೋಪನಿಷತ್ತಿನ ರಥರೂಪಕವನ್ನು ಬಲ್ಲವರು ಇಲ್ಲಿ ಅದನ್ನು ನೆನೆಯಬಹುದು. ಅಲ್ಲಿಯೂ ವಿಜ್ಞಾನವಿಲ್ಲದ ಸಾರಥಿಯ ಕುದುರೆಗಳೇ ದುಷ್ಟವೆನಿಸುವುವು. ಸಾರಥಿಯು ಬಲ್ಲವನಾದರೆ ಕುದುರೆಗಳು ಸಾಧುಗಳಾಗುವುವು.

ಇದು ಹೇಗೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುದುರೆಯ ದವಡೆಯಲ್ಲಿ ಮುಂಬಲ್ಲುಗಳಿಗೂ ಹಿಂದಿನ ಅರೆಯುವ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ತೆರಪೊಂದುಂಟು. ಕಡಿವಾಣದ ಕಬ್ಬಿಣವು ಅಲ್ಲಿ, ಬರಿಯ ಒಸಡಿನ ಮೇಲೆ ಕುಳಿತುಕೊಳ್ಳುತ್ತದೆ. ಹೊಸದಾಗಿ ಕಲಿಯುವವನು ಬೀಳುವ ಹೆದರಿಕೆಯಿಂದ ವಾಘೆಯನ್ನೇ ಆಸರೆಯಾಗಿ ಹಿಡಿದುಕೊಳ್ಳುವನು; ಅವನ ಮೈಭಾರವೆಲ್ಲ ಆ ಎಳೆಯ ಒಸಡಿನ ಮೇಲೆ ಬೀಳುವುದು. ಅದೇ ಹೊತ್ತಿಗೆ ಕುದುರೆಯು ಮುಂದೆ ಹೋಗಲಿಲ್ಲವೆಂದು ಹಿಮ್ಮಡಿಯಿಂದ ಪಕ್ಕೆಗೆ ತಿವಿಯುವನು. ಕೈಯು ನಿಲ್ಲೆಂದು ಹೇಳುತ್ತದೆ, ಕಾಲು ನಡೆಯೆಂದು ಹೇಳುತ್ತದೆ. ಎರಡು ಅಪ್ಪಣೆಗಳ ನಡುವೆ ಸಿಕ್ಕಿದ ಪ್ರಾಣಿಯು ನಿಂತಲ್ಲಿ ನಿಲ್ಲುತ್ತದೆ, ಇಲ್ಲವೆ ತಲೆಯೆತ್ತಿ ಹಿಂದಕ್ಕೆ ಸರಿಯುತ್ತದೆ, ಇಲ್ಲವೆ ಲಾಯದ ಕಡೆಗೆ ತಿರುಗಿಬಿಡುತ್ತದೆ. ಲಾಯದಲ್ಲಿ ನೋವಿಲ್ಲವೆಂಬುದೊಂದು ಅದಕ್ಕೆ ಖಂಡಿತವಾಗಿ ಗೊತ್ತು. ಸವಾರನು ಸಿಟ್ಟಾಗಿ ನಾಲ್ಕೇಟು ಬ��ಗಿಯುವನು. ಕೊನೆಗೆ ಸೋತು ಇಳಿದುಬಿಡುವನು. ಕುದುರೆಯು ಅಂದು ಕಲಿತ ಪಾಠವಿಷ್ಟು: ಹಟ ಹಿಡಿದರೆ ಬೆನ್ನ ಮೇಲಿನವನು ಇಳಿಯುವನು. ಮರುದಿನ ಅದು ಮೊದಲ ಹೆಜ್ಜೆಯಲ್ಲಿಯೇ ಹಟ ಹಿಡಿಯುವುದು. ಕಲಿಯಬಂದವನು ತಾನೇ ಗುರುವಾಗಿ ಅದಕ್ಕೆ ಕಲಿಸಿಬಿಟ್ಟನು!

ಬಲ್ಲ ಶಿಕ್ಷಕನು ಮಾಡುವುದು ಇದರ ತಿರುವುಮುರುವು. ಕೇಳಿದುದನ್ನು ಕುದುರೆಯು ಮಾಡಲು ತೊಡಗಿದ ಕ್ಷಣವೇ ವಾಘೆಯನ್ನು ಸಡಿಲಿಸುವನು. ಆ ಸಡಿಲವೇ ಬಹುಮಾನ. ಕೂರುವ ಸಮತೋಲವು ತೊಡೆಸೊಂಟಗಳಿಗೆ ಬರುವವರೆಗೆ ಕಲಿಯುವವನ ಕೈಗೆ ವಾಘೆಯನ್ನೇ ಕೊಡದೆ, ಕುದುರೆಯನ್ನು ಉದ್ದ ಹಗ್ಗದಲ್ಲಿ ತನ್ನ ಸುತ್ತ ತಿರುಗಿಸುತ್ತ, ರಿಕಾಪಿಲ್ಲದೆ ಕೂರಿಸುವ ಕ್ರಮವೂ ಇದಕ್ಕಾಗಿಯೇ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಕರ ಜೆನೊಫನ್ ಎಂಬ ದಂಡನಾಯಕನು ಬರೆದ ಅಶ್ವಾರೋಹಣದ ಪುಸ್ತಕದಲ್ಲಿಯೂ ಇದೇ ಅಭಿಪ್ರಾಯವಿದೆ. ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಲೇಬಾರದೆಂದೂ, ಬೆದರಿದ ಕುದುರೆಯನ್ನು ಹೊಡೆದರೆ ಬೆದರಿಸಿದ ವಸ್ತುವೇ ನೋವನ್ನೂ ಕೊಟ್ಟಿತೆಂದು ಅದು ತಿಳಿಯುವುದೆಂದೂ ಅವನು ಎಚ್ಚರಿಸಿದ್ದಾನೆ. ಅಲೆಗ್ಸಾಂಡರನು ಯಾರಿಗೂ ಬಗ್ಗದ ಕುದುರೆಯು ತನ್ನ ನೆರಳಿಗೇ ಬೆದರುತ್ತಿದೆಯೆಂದು ಕಂಡು ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿ ಏರಿದ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಯವನದೇಶದ ಅನುಭವವೂ ಭರತಖಂಡದ ಅನುಭವವೂ ಒಂದೇ ಕಡೆ ಕೂಡಿದುವು; ಕುದುರೆಯ ಬಾಯಿ ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲವೆ?

ಅಭ್ಯಾಸವನ್ನು ಅರಸರೂ ಬಿಡುವಂತಿರಲಿಲ್ಲ. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿದ್ದಾನೆ. ಬೆಳಗಾಗುವುದಕ್ಕೆ ಮೊದಲೇ ಎದ್ದು, ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಪೂಸಿಕೊಂಡು, ಭಾರವೆತ್ತಿ ಕತ್ತಿ ಬೀಸಿ ಬೆವರಿಳಿಸಿ, ಜಟ್ಟಿಯೊಡನೆ ಸೆಣಸಿ, ಅನಂತರ ಕುದುರೆಯೇರಿ ಬಯಲಿನಲ್ಲಿ ಅತ್ತಿತ್ತ ಓಡಿಸುತ್ತ ಬೆಳಕು ಹರಿಯುವವರೆಗೂ ಇರುತ್ತಿದ್ದನಂತೆ. ಸೋಮೇಶ್ವರನ ವಾಹ್ಯಾಲಿಯು ನಾಲ್ಕು ಶತಮಾನಗಳ ಬಳಿಕವೂ ನಿಂತಿರಲಿಲ್ಲವೆಂದು ಇದರಿಂದ ತಿಳಿಯುವುದು. ಆ ಕತ್ತಲಲ್ಲಿ ಅರಸನಿಗಿಂತ ಮೊದಲು ಎದ್ದು, ಕುದುರೆಯ ಮೈ ತಿಕ್ಕಿ ಜೀನು ಬಿಗಿದು ಕಾದುನಿಂತವನ ಹೆಸರನ್ನು ಮಾತ್ರ ಪಾಯೆಸನು ಬರೆಯಲಿಲ್ಲ. ನಮ್ಮ ಕವಿಗಳೂ ಬರೆಯಲಿಲ್ಲ. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಸಾಲುಸಾಲಾಗಿ ರಾವುತರಿದ್ದಾರೆ. ಕುದುರೆಗಳು ಕತ್ತು ಮಣಿಸಿ, ವಾಘೆ ಬಿಗಿದು, ಹೆಜ್ಜೆಯೆತ್ತಿ ನಡೆಯುತ್ತಿವೆ. ಹಾಗೆ ಕತ್ತು ಮಣಿಸುವುದನ್ನು ಕಲಿಸಿದವನು ಆ ಸಾಲಿನಲ್ಲಿಲ್ಲ.

ನಮ್ಮ ಸೀಮೆಗೆ ನೆರೆಯ ಚಿತ್ರದುರ್ಗದ ಐತಿಹ್ಯವೊಂದನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕೆಂದು ನನಗೆ ತೋರುತ್ತದೆ. ಅಲ್ಲಿಯ ಪಾಳೆಯಗಾರರಲ್ಲಿ ಮೊದಲಿಗನಾದ ತಿಮ್ಮಣ್ಣನಾಯಕನು, ತನ್ನ ಮೇಲೆ ದಂಡೆತ್ತಿ ಬಂದ ಸಾಳ್ವ ನರಸಿಂಗರಾಯನ ಪಾಳೆಯಕ್ಕೆ ರಾತ್ರಿ ನುಗ್ಗಿ ರಾಯನ ಕುದುರೆಯನ್ನು ಕದಿಯಲು ಹೋದನು. ಕುದುರೆಯಾಳು ಎಚ್ಚತ್ತನು. ನಾಯಕನು ಹುಲ್ಲಿನೊಳಗೆ ಅಡಗಿದನು. ಗೂಟವು ಸಡಿಲವಾಯಿತೆಂದು ಬಗೆದ ಆಳು ಮತ್ತೆ ಅದನ್ನು ಬಡಿಯುವಾಗ ಗೂಟವು ನಾಯಕನ ಅಂಗೈಯನ್ನು ತೂರಿ ನೆಲಕ್ಕೆ ನಟ್ಟಿತು. ಅವನು ಉಸಿರೆತ್ತಲಿಲ್ಲ. ಎಲ್ಲವೂ ಶಾಂತವಾದ ಮೇಲೆ ತನ್ನ ಕೈಯನ್ನು ತಾನೇ ಕಡಿದುಕೊಂಡು, ಕುದುರೆಯನ್ನೇರಿ ಹೊರಟುಹೋದನು. ರೈಸ್ ಸಾಹೇಬರ ಗ್ಯಾಸೆಟೀರಿನಲ್ಲಿ ಈ ಕಥೆ ಅಚ್ಚಾಗಿದೆ. ತಿಮ್ಮಣ್ಣನಾಯಕನು ಹದಿನಾರನೆಯ ಶತಮಾನದ ಉತ್ತರಾರ್ಧದವನು, ಸಾಳ್ವ ನರಸಿಂಹನು ಹದಿನೈದನೆಯ ಶತಮಾನದಲ್ಲಿಯೇ ತೀರಿಕೊಂಡವನು. ಆದುದರಿಂದ ಕಾಲವು ಹೊಂದುವುದಿಲ್ಲ. ಕಥೆಯನ್ನು ಕಥೆಯಾಗಿಯೇ ನೋಡೋಣ. ಕೇಳಿದವರೆಲ್ಲ ಕೈ ಕಡಿದುಕೊಂಡ ಕೆಚ್ಚನ್ನು ಹೊಗಳುವರು. ನನಗೆ ಆಶ್ಚರ್ಯವಾಗುವುದು ಅನಂತರದ ಸಂಗತಿ. ಅರಸನ ಬೆಲೆಬಾಳುವ ಕುದುರೆ, ನಡುರಾತ್ರಿ, ರಕ್ತದ ವಾಸನೆ, ಒಂದೇ ಕೈಯಿರುವ ಅಪರಿಚಿತ. ಕುದುರೆಯು ಕೆನೆಯಲಿಲ್ಲ, ಒದೆಯಲಿಲ್ಲ, ಹೊತ್ತುಕೊಂಡು ಹೊರಟಿತು. ಈ ಕಥೆಯನ್ನು ಕಟ್ಟಿದ ಜನರಿಗೆ, ಕುದುರೆಯ ಹತ್ತಿರ ಹೋಗುವ ಬಗೆಯನ್ನು ಬಲ್ಲವನಿಗೆ ಇದು ಸಾಧ್ಯವೆಂಬ ನಂಬಿಕೆ ಇದ್ದಿತು. ಅಂಥ ಜನರ ನಡುವೆ ವಿದ್ಯೆಯು ಇದ್ದೇ ಇರಬೇಕು.

ಬಸವಾಪಟ್ಟಣ, ಸಂತೆಬೆನ್ನೂರುಗಳಲ್ಲಿ ಆಳಿ ಬಳಿಕ ತರೀಕೆರೆಯಲ್ಲಿ ನೆಲೆಸಿದ ಪಾಳೆಯಗಾರರ ಮಾತೂ ಇದೇ. ಪಾಳೆಯಗಾರನೆಂದರೆ ಮೇಲರಸನು ಕರೆದಾಗ ಕುದುರೆ ಕಾಲಾಳುಗಳೊಡನೆ ಹೋಗಬೇಕಾದವನು. ಅಂಥ ಸಣ್ಣ ಲಾಯಗಳಲ್ಲಿ ಪುಸ್ತಕವೆಲ್ಲಿ? ತಂದೆಯ ಕೈ ನೋಡಿ ಮಗನು ಕಲಿಯುತ್ತಿದ್ದನು.

ಟಿಪ್ಪುವಿನ ಕಾಲಕ್ಕೆ ಕುಣಿಗಲಿನಲ್ಲಿ ದಂಡಿನ ಕುದುರೆಗಳ ತಳಿ ಬೆಳೆಸುವ ಏರ್ಪಾಡಾಯಿತು. ೧೭೯೯ರ ಬಳಿಕ ಮೈಸೂರು ಸಂಸ್ಥಾನದ ಸಿಲ್ಲೇದಾರ ರಾವುತರು ಬಂದರು. ೧೮೦೭ರ ಕರಾರಿನಂತೆ ಸಂಸ್ಥಾನವು ೪,೦೦೦ ಕುದುರೆಸವಾರರನ್ನು ಸಿದ್ಧವಾಗಿಟ್ಟಿರಬೇಕಾಗಿದ್ದಿತು. ಸಿಲ್ಲೇದಾರನೆಂದರೆ ತನ್ನ ಕುದುರೆಯನ್ನು ತಾನೇ ತಂದು ಸೇವೆಮಾಡುವವನು. ಇನ್ನೊಬ್ಬರ ಕುದುರೆಯನ್ನು ಏರುವವನು ಬಾರ್ಗೀರ. ಕುದುರೆ ಸತ್ತರೆ ಸಿಲ್ಲೇದಾರನ ಜೀವನವೇ ಹೋದಂತೆ. ಆದುದರಿಂದ ಅವನು ಕುದುರೆಯನ್ನು ಗುಂಡಿನ ಬಾಯಿಗೆ ಒಡ್ಡಲು ಹಿಂಜರಿಯುವನೆಂದು ದೊರೆಗಳು ದೂರುತ್ತಿದ್ದರು. ದೂರಿನಲ್ಲಿ ಸತ್ಯವಿದ್ದಿರಬಹುದು. ಆದರೆ ಅದೇ ಕಾರಣದಿಂದ ಅವನ ಕುದುರೆಯ ಒಸಡೂ ಬೆನ್ನೂ ಚೆನ್ನಾಗಿದ್ದಿರಬೇಕೆಂಬುದನ್ನು ದೂರಿದವರು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

೧೮೯೨ರಲ್ಲಿ ಮೈಸೂರಿನ ಲ್ಯಾನ್ಸರ್ ಪಡೆಯು ಹುಟ್ಟಿತು. ಅಂದಿನ ದಂಡಿನ ಸವಾರಿ ಶಾಲೆಗಳಲ್ಲಿ ಹೊಸ ಸವಾರನಿಗೆ ಹಳೆಯ ಕುದುರೆಯನ್ನೂ ಹೊಸ ಕುದುರೆಗೆ ಹಳೆಯ ಸವಾರನನ್ನೂ ಕೊಡುವುದು ಕ್ರಮ; ಇಬ್ಬರೂ ಅರಿಯದವರಾದರೆ ಇಬ್ಬರೂ ಕೆಡುವರು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಹಿಡಿದ ಕಾಳಗದಲ್ಲಿ ಜೋಧಪುರದವರೊಡನೆ ನಮ್ಮವರೂ ಇದ್ದರು. ಮೈಸೂರಿನ ತುಕಡಿಯೊಂದು ಕಾರ್ಮೆಲ್ ಗುಡ್ಡದ ಕಡಿದಾದ ಏರನ್ನು ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಫಿರಂಗಿಯ ಶಬ್ದದ ಎದುರಿಗೆ ಕಲ್ಲುಗುಡ್ಡವನ್ನು ಹತ್ತೆಂದರೆ ಹತ್ತುವ ಕುದುರೆಯನ್ನು ಚಾಬೂಕಿನಿಂದ ಮಾಡಲಾಗದು. ಸ್ವಾತಂತ್ರ್ಯದ ಅನಂತರ ಸಂಸ್ಥಾನಗಳ ಕುದುರೆಪಡೆಗಳನ್ನೆಲ್ಲ ಕೂಡಿಸಿ ೧೯೫೩ರಲ್ಲಿ ೬೧ನೆಯ ಅಶ್ವದಳವನ್ನು ರಚಿಸಿದಾಗ ಮೈಸೂರಿನ ರಾವುತರೂ ಅದರಲ್ಲಿ ಸೇರಿಹೋದರು. ಕುಣಿಗಲಿನಲ್ಲಿ ಹುಟ್ಟಿದ ಮರಿಗಳು ಪಂದ್ಯದ ಬಯಲಿಗೆ ಹೋದುವು.

ದಂಡಿನ ಹೊರಗೂ ಈ ವಿದ್ಯೆಗೆ ಒಂದು ಕಾಲವಿದ್ದಿತು. ಅಮಲ್ದಾರರು ಕುದುರೆಯ ಮೇಲೆ ಸರ್ಕೀಟು ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿ ಸಿವಿಲ್ ಸರ್ವೀಸಿಗೆ ಓದಿದವರಿಗೆ ಕುದುರೆಸವಾರಿಯೂ ಒಂದು ಪರೀಕ್ಷೆಯಾಗಿದ್ದಿತು. ಗ್ರೀಕ್ ಲ್ಯಾಟಿನ್‌ಗಳಲ್ಲಿ ಪಾರಂಗತರಾಗಿದ್ದ ಅರವಿಂದ ಘೋಷರು ೧೮೯೨ರಲ್ಲಿ ಆ ಪರೀಕ್ಷೆಗೆ ಹಾಜರಾಗದೆಯೇ ಆ ಉದ್ಯೋಗವನ್ನು ಕಳೆದುಕೊಂಡರು. ದೇಶಕ್ಕೆ ಅದರಿಂದ ನಷ್ಟವೇನೂ ಆಗಲಿಲ್ಲ.

ನಮ್ಮ ಅಜ್ಜಂಪುರದ ಕಡೆಯಲ್ಲಿ ಮಾತ್ರ, ಕುದುರೆಯಲ್ಲಿ ಕಳೆದುಹೋದ ಈ ವಿದ್ಯೆಯು ಎತ್ತಿನಲ್ಲಿ ಬಹುಕಾಲ ಉಳಿಯಿತು. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆನಿಸಿಕೊಂಡಿತು. ಹೈದರನ ದಂಡು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಹೋದುದು ಈ ಎತ್ತುಗಳ ಬಲದಿಂದಲೇ. ಆ ತಳಿಯ ಸಾಕಾಣಿಕೆಯ ಕೇಂದ್ರವು ಅಜ್ಜಂಪುರದಲ್ಲಿದೆ. ಕಾವಲಿನ ಹುಲ್ಲಿನಲ್ಲಿ ಹುಟ್ಟಿ, ತಮ್ಮ ದನಗಾಹಿಯನ್ನಲ್ಲದೆ ಬೇರೆ ಮನುಷ್ಯನನ್ನು ಹತ್ತಿರ ಸೇರಿಸದೆ ಬೆಳೆದ ಹೋರಿಗಳ ಕೆಚ್ಚು ಯಾವ ಅರಬ್ಬೀ ಕುದುರೆಗೂ ಕಡಿಮೆಯದಲ್ಲ. ಅಂಥ ಹೋರಿಯನ್ನು ನೊಗಕ್ಕೆ ತರುವ ಮೊದಲು ಗಟ್ಟಿ ಕಂಬಕ್ಕೆ ಕಟ್ಟಿ, ದಿನವೂ ಒಬ್ಬನೇ ಹತ್ತಿರ ಹೋಗಿ ಮೇವಿಡುತ್ತ, ಮೈ ಮುಟ್ಟಿಸಿಕೊಳ್ಳುವುದನ್ನು ಅಭ್ಯಾಸಮಾಡಿಸಿ, ಆಮೇಲೆ ಪಳಗಿದ ಹಳೆಯ ಎತ್ತಿನ ಜೊತೆಗೆ ಹೂಡಿ, ಮೊದಲು ಬರಿಯ ನೊಗವನ್ನೂ ಬಳಿಕ ಬರಿಯ ಗಾಡಿಯನ್ನೂ ಎಳೆಸುವರು. ಹೋರಿಯು ಮಲಗಿಬಿಟ್ಟರೆ ಅನುಭವಸ್ಥನು ಬಾರುಕೋಲನ್ನು ಎತ್ತುವುದಿಲ್ಲ. ಬೀಡಿ ಹಚ್ಚಿಕೊಂಡು ಅದರ ಪಕ್ಕದಲ್ಲಿಯೇ ಕೂರುತ್ತಾನೆ. ಜೊತೆಯ ಹಳೆಯ ಎತ್ತು ನಿಂತೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಹೋರಿ ತಾನಾಗಿ ಏಳುತ್ತದೆ. ಅದು ಎದ್ದ ಕ್ಷಣವೇ ನೊಗ ಬಿಚ್ಚಿ ಅಂದಿನ ಕೆಲಸವನ್ನು ಮುಗಿಸುವವರೂ ಉಂಟು.

ಈ ಕೆಲಸಕ್ಕೆ ಸಂಬಂಧಿಸಿದ ಕೂಗುಗಳು, ಹಗ್ಗದ ಗಂಟುಗಳ ಹೆಸರುಗಳು, ಹೋರಿಯ ಹಟದ ಒಂದೊಂದು ಬಗೆಗೆ ಇಟ್ಟ ಮಾತುಗಳು ನಮ್ಮ ಹಳ್ಳಿಗಳ ಮುದುಕರ ಬಾಯಲ್ಲಿ ಇನ್ನೂ ಸ್ವಲ್ಪ ಉಳಿದಿವೆ. ಟ್ರ್ಯಾಕ್ಟರು ಬಂದ ಮನೆಗಳಲ್ಲಿ ಅವು ಮೊಮ್ಮಕ್ಕಳ ಕಿವಿಗೆ ಬಿದ್ದಿಲ್ಲ. ಬುಕ್ಕಾಂಬುಧಿ, ಅಜ್ಜಂಪುರ, ತರೀಕೆರೆಯ ಕಡೆಯ ವಾಚಕರು ತಮ್ಮ ಹಿರಿಯರನ್ನು ಕೇಳಿ ಅಂಥ ಮಾತುಗಳನ್ನು ಬರೆದು ಕಳುಹಿಸಿದರೆ, ಈ ಪತ್ರಿಕೆಯಲ್ಲಿ ಅವುಗಳ ಪಟ್ಟಿಯೊಂದನ್ನು ಪ್ರಕಟಿಸಲು ಅನುಕೂಲವಾಗುವುದು. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಹಲ್ಲಣ, ಕಡಿವಾಣ, ಅಥವಾ ಅಶ್ವಶಾಸ್ತ್ರದ ಓಲೆಗರಿಗಳಿದ್ದರೆ ಅದನ್ನೂ ತಿಳಿಸಬೇಕಾಗಿ ಕೋರುತ್ತೇನೆ.